ಮೀನಿನ ವರ್ಗಾವಣೆ

ಸರಕಾರಿ ನೌಕರನ ಮನೆಗೆ ವರ್ಗಾವಣೆಯ ಆದೇಶ ಬಂತೆಂದರೆ ಮೊದಲು ಅಟ್ಟದಿಂದ ಇಳಿಯುವುದು ಟ್ರಂಕು. ಆಮೇಲೆ ಕಪಾಟು, ಮಂಚ, ಒಲೆ. ಎಲ್ಲ ಕಟ್ಟಿಯಾದ ಮೇಲೆ, ಹೊರಡುವ ಹೊತ್ತಿಗೆ, ಮಕ್ಕಳ ನೆನಪಾಗುತ್ತದೆ. 2016ರ ಜೂನ್ ತಿಂಗಳಲ್ಲಿ ಹುಕ್ಕೇರಿಯ ಒಂದು ಬಾಡಿಗೆ ಮನೆಯಿಂದ ಸಾಮಾನು ತುಂಬಿದ ಟೆಂಪೊ ಮೂಡಲಗಿಯ ಕಡೆ ಹೊರಟಾಗಲೂ ಹೀಗೆಯೇ ಆಯಿತು. ಐದನೆಯ ತರಗತಿಗೆ ಹೋಗಬೇಕಿದ್ದ ಹುಡುಗಿಯೊಬ್ಬಳು ಚಾಲಕನ ಪಕ್ಕದ ಸೀಟಿನಲ್ಲಿ ಅಮ್ಮನಿಗೆ ಒತ್ತಿಕೊಂಡು ಕುಳಿತಿದ್ದಳು. ಅವಳ ತೊಡೆಯ ಮೇಲೊಂದು ಸ್ಟೀಲಿನ ಡಬ್ಬಿ. ಡಬ್ಬಿಯೊಳಗೆ ನಾಲ್ಕು ಗೋಲ್ಡ್ ಫಿಶ್, ಮೂರು ಮೋಲಿ.

ರಸ್ತೆಯ ಗುಂಡಿಗಳಿಗೆಲ್ಲ ಡಬ್ಬಿಯ ನೀರು ತುಳುಕಿ ಅವಳ ಲಂಗ ತೋಯ್ದಿತ್ತು. ಮುಚ್ಚಳ ತೆರೆದು ನೋಡಬೇಕೆನ್ನುವ ಆಸೆ ಅವಳಿಗೆ. ತೆರೆದರೆ ಮೀನು ಹೊರಗೆ ಜಿಗಿದಾವೆಂಬ ಭಯ ಅಮ್ಮನಿಗೆ. “ಮೀನಕ್ಕೇನ ಬೇಕವಾ, ನೀರಿದ್ದರ ಸಾಕು” ಎಂದರು ಅಪ್ಪ, ಸಾಮಾನಿನ ಮೇಲೆ ಕೂತಲ್ಲಿಂದಲೇ.

ಆ ಮಾತು ಎಷ್ಟು ತಪ್ಪೆಂಬುದು ಗೊತ್ತಾಗಲು ಎಂಟು ದಿನ ಬೇಕಾಯಿತು.

ಅಪ್ಪ ಪ್ರೀತಿಯ ಮನುಷ್ಯ. ಮಗಳು ಹಳೆಯ ಶಾಲೆಯನ್ನೂ ಗೆಳತಿಯರನ್ನೂ ಬಿಟ್ಟು ಬರಬೇಕಾಯಿತಲ್ಲ ಎಂಬ ಮರುಕದಿಂದ ಹೊಸ ಊರಿನಲ್ಲಿ ಹೊಸ ಗಾಜಿನ ತೊಟ್ಟಿಯನ್ನೇ ಕೊಡಿಸಿದರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಅಮ್ಮ ಹಳೆಯ ತೊಟ್ಟಿಯ ಹರಳುಗಳನ್ನು ಸಾಬೂನಿನ ಪುಡಿ ಹಾಕಿ ತಿಕ್ಕಿ ತೊಳೆದರು. ಫಿಲ್ಟರಿನ ಸ್ಪಂಜನ್ನು ಹಿಂಡಿದರೆ ಕಂದು ಬಣ್ಣದ ಕೊಳೆ ಸುರಿಯಿತು. “ಎಷ್ಟ ಹೊಲಸ ಆಗೇತಿ ನೋಡ!” ಎಂದು ಅದನ್ನೂ ಒಗೆದು ಬಿಸಿಲಿಗೆ ಒಣಗಹಾಕಿದರು. ಬೋರ್‌ವೆಲ್ಲಿನ ನೀರು ತುಂಬಿದಾಗ ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಡಬ್ಬಿಯ ನೀರಿನೊಂದಿಗೆ ಏಳೂ ಮೀನುಗಳನ್ನು ಒಂದೇ ಸಲ ಸುರುವಿದರು. ನೆರೆಮನೆಯ ಮಕ್ಕಳು ಬಾಗಿಲಲ್ಲಿ ಗುಂಪುಗೂಡಿ ಚಪ್ಪಾಳೆ ತಟ್ಟಿದವು.

ಮೂರನೆಯ ದಿನ ಮೀನುಗಳು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ತೆರೆದು ಗಾಳಿ ಗುಟುಕರಿಸತೊಡಗಿದವು. ಹಸಿವೆಂದು ತಿಳಿದು ಹುಡುಗಿ ಇನ್ನಷ್ಟು ತಿಂಡಿ ಹಾಕಿದಳು. ಐದನೆಯ ದಿನ ಒಂದು ಗೋಲ್ಡ್ ಫಿಶ್ ಅಡ್ಡಲಾಗಿ ತೇಲಿತು. ಎಂಟನೆಯ ದಿನಕ್ಕೆ ಉಳಿದದ್ದು ಎರಡೇ ಮೋಲಿ. “ಈ ಊರ ನೀರ ಚೊಲೊ ಇಲ್ಲ” ಎಂದರು ಅಪ್ಪ. “ಮಂದಿ ಕಣ್ಣ ಬಿತ್ತು” ಎಂದರು ಅಮ್ಮ. ಹುಡುಗಿ ಏನೂ ಅನ್ನಲಿಲ್ಲ. ಹೊಸ ಶಾಲೆಗೆ ಸೇರಿದಂದಿನಿಂದ ಅವಳು ಹೆಚ್ಚು ಮಾತಾಡುವುದನ್ನೇ ಬಿಟ್ಟಿದ್ದಳು. ಮೀನು ಸತ್ತ ದುಃಖವೆಂದುಕೊಂಡರು ಮನೆಯವರು. ಅದು ಅರ್ಧ ನಿಜವಷ್ಟೆ.

ಒಂದು ದಿನ ಶಾಲೆಯ ವಿಜ್ಞಾನದ ಮಾಸ್ತರರು, ತರಗತಿಯಲ್ಲಿ ಸುಮ್ಮನೆ ಕೂರುವ ಈ ಹುಡುಗಿಯನ್ನು ಕರೆದು ಕಾರಣ ಕೇಳಿದರು. ಅವಳು ಮೀನಿನ ಕಥೆ ಹೇಳಿದಳು. ಮಾಸ್ತರರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಸ್ಪಂಜ ಯಾಕ ಒಗದ್ರಿ?”

ಆ ಪ್ರಶ್ನೆಯೊಳಗೇ ಉತ್ತರವಿತ್ತು.

ಮೀನು ತಿನ್ನುತ್ತದೆ, ಉಸಿರಾಡುತ್ತದೆ. ಅದರ ಕಿವಿರುಗಳಿಂದಲೂ ಮಲದಿಂದಲೂ ಮಿಕ್ಕ ತಿಂಡಿಯಿಂದಲೂ ಅಮೋನಿಯ ನೀರಿಗೆ ಸೇರುತ್ತಲೇ ಇರುತ್ತದೆ. ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಹೆಚ್ಚಾದರೆ ಕಿವಿರನ್ನೇ ಸುಡುತ್ತದೆ. ಆದರೆ ಹಳೆಯ ತೊಟ್ಟಿಯ ಸ್ಪಂಜು, ಹರಳು, ಗಾಜಿನ ಮೈಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಒಂದು ಊರೇ ಬೆಳೆದಿರುತ್ತದೆ. ಅವುಗಳಲ್ಲಿ ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಆಗ ನೀರಿನಲ್ಲಿ ಗಾಳಿ ಇದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಗಳು ಆ ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುತ್ತವೆ. ನೈಟ್ರೇಟಿನಿಂದ ಅಷ್ಟಾಗಿ ಅಪಾಯವಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಅದು ಹದ್ದಿನಲ್ಲಿರುತ್ತದೆ.

ಅಮ್ಮ ಹೊಲಸೆಂದು ಒಗೆದದ್ದು ಈ ಊರನ್ನೇ! ಬಿಸಿಲಿನಲ್ಲಿ ಒಣಗಿದ ಸ್ಪಂಜಿನಲ್ಲಿ ಕೆಲಸಗಾರರು ಯಾರೂ ಉಳಿದಿರಲಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ತಾವಾಗಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಐದು ಮೀನುಗಳು ಅಷ್ಟು ದಿನ ಕಾಯಲಾರದೆ ಹೋದವು. ಸಾಲದ್ದಕ್ಕೆ ಆ ಮನೆಯ ಬೋರ್ ನೀರು ಗಡುಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತಿತ್ತು. ಇಂಥ ನೀರು ಸಾಮಾನ್ಯವಾಗಿ ಕ್ಷಾರಗುಣದ್ದು. ಕ್ಷಾರ ಹೆಚ್ಚಿದಷ್ಟೂ ಅಮೋನಿಯದ ವಿಷ ಹೆಚ್ಚು. ಮೋಲಿ ಮೀನಿಗೆ ಮಾತ್ರ ಗಡುಸು ನೀರು ಒಗ್ಗುತ್ತದೆ. ಎರಡು ಉಳಿದದ್ದು ಬಹುಶಃ ಅದರಿಂದಲೇ.

ಈ ತಿಳಿವಳಿಕೆಗೆ ಮನುಷ್ಯನೂ ನಿಧಾನವಾಗಿಯೇ ಬಂದ. ನಮ್ಮ ಕಲ್ಯಾಣಿ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ, ಯಾವ ಮೀನು ಎಂಥದು, ಯಾವುದಕ್ಕೆ ಏನು ಆಹಾರ ಎಂಬುದೆಲ್ಲ ಅಲ್ಲಿ ಬರುತ್ತದೆ. ಚೀನೀಯರು ಸಾವಿರ ವರ್ಷಗಳ ಹಿಂದೆಯೇ ಹೊಂಬಣ್ಣದ ಮೀನನ್ನು ಕೊಳಗಳಲ್ಲಿ ಸಾಕಿದರು. ಗಾಜಿನ ಪಾತ್ರೆಯೊಳಗೆ ಮೀನು, ಗಿಡ, ಬಸವನಹುಳು ಒಟ್ಟಿಗೆ ಬಾಳಬಹುದೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತೋರಿಸಿಕೊಟ್ಟದ್ದು 1850ರಲ್ಲಿ. ಅಮೋನಿಯವನ್ನು ಬದಲಿಸುವ ಬ್ಯಾಕ್ಟೀರಿಯಗಳನ್ನು ರಷ್ಯಾದ ಸೆರ್ಗೈ ವಿನೋಗ್ರಾಡ್‌ಸ್ಕಿ ಬೇರ್ಪಡಿಸಿದ್ದು 1890ರ ಸುಮಾರಿಗೆ. ದೊಡ್ಡ ದೊಡ್ಡವರಿಗೇ ಇಷ್ಟು ಕಾಲ ಹಿಡಿದ ಸಂಗತಿ, ಹುಕ್ಕೇರಿಯಿಂದ ಬಂದ ಒಬ್ಬ ತಾಯಿಗೆ ಗೊತ್ತಿರಲಿಲ್ಲವೆಂದರೆ ತಪ್ಪೇನು? “ಅವ್ವಗ ಏನೂ ಅನಬ್ಯಾಡ” ಎಂದು ಮಾಸ್ತರರೂ ಹೇಳಿ ಕಳಿಸಿದ್ದರು.

ಅಂದಿನಿಂದ ಹುಡುಗಿ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು. ಎಷ್ಟು ತಿಂಡಿ ಹಾಕಿದ್ದು, ಯಾವಾಗ ನೀರು ಬದಲಿಸಿದ್ದು, ಯಾವ ಮೀನು ಹೇಗಿದ್ದದ್ದು. ಆರು ವಾರ ಆ ಎರಡು ಮೋಲಿಗಳನ್ನಷ್ಟೇ ಇಟ್ಟುಕೊಂಡು ಕಾದಳು. ಆಮೇಲೆ ಎರಡು ಮರಿ ಗೋಲ್ಡ್ ಫಿಶ್ ಬಂದವು. ಅವನ್ನೂ ನೇರವಾಗಿ ತೊಟ್ಟಿಗೆ ಬಿಡಲಿಲ್ಲ. ಬೇರೊಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಮೂರು ವಾರ ಇಟ್ಟಳು. ಅಷ್ಟರಲ್ಲಿ ಒಂದಕ್ಕೆ ಮೈಮೇಲೆ ರವೆ ಉದುರಿಸಿದಂತೆ ಬಿಳಿಯ ಚುಕ್ಕೆಗಳು ಎದ್ದವು. ಸಾಗಣೆಯಲ್ಲಿ ದಣಿದ, ಚಳಿ ತಗುಲಿದ ಮೀನಿಗೆ ಮೊದಲು ಅಂಟುವ ಕಾಯಿಲೆ ಇದು. ಚರ್ಮದೊಳಗೆ ಅಡಗಿದ ಪರೋಪಜೀವಿಗೆ ಮದ್ದು ತಾಕುವುದಿಲ್ಲ. ಅದು ಚರ್ಮ ಬಿಟ್ಟು ನೀರಿಗಿಳಿದು ಮರಿಗಳಾಗಿ ಈಜುವಾಗಷ್ಟೇ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮದ್ದು ನಿಲ್ಲಿಸಬಾರದು. ಅವಳು ನಿಲ್ಲಿಸಲಿಲ್ಲ. ಆ ಮೀನು ಬದುಕಿತು. ತೊಟ್ಟಿಯ ಉಳಿದ ಮೀನುಗಳಿಗೆ ರೋಗದ ಸುದ್ದಿಯೇ ಗೊತ್ತಾಗಲಿಲ್ಲ.

2019ರ ಮೇ ತಿಂಗಳಿನಲ್ಲಿ ಮತ್ತೆ ಟ್ರಂಕು ಕೆಳಗಿಳಿಯಿತು. ಈ ಸಲ ಗೋಕಾಕಕ್ಕೆ. ಹುಡುಗಿ ಈಗ ಎಂಟನೆಯ ತರಗತಿ, ತಮ್ಮ ಮೂರನೆಯದು. ಈ ವರ್ಗಾವಣೆಯ ಉಸ್ತುವಾರಿಯನ್ನು, ಮೀನಿನ ಮಟ್ಟಿಗೆ, ಅವಳೇ ವಹಿಸಿಕೊಂಡಳು.

ಹೊರಡುವ ಹಿಂದಿನ ದಿನ ಮೀನುಗಳಿಗೆ ಉಪವಾಸ. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದು ಕಡಿಮೆ. ಒಂದು ದಿನದ ಉಪವಾಸ ಮೀನಿಗೆ ಲೆಕ್ಕವೇ ಅಲ್ಲ. ಬೆಳಿಗ್ಗೆ ತೊಟ್ಟಿಯ ನೀರನ್ನು ಅರ್ಧಕ್ಕಿಳಿಸಿ, ಬಲೆ ಹಿಡಿದು ಅಟ್ಟಾಡಿಸದೆ, ಅಗಲ ಬಾಯಿಯ ಪಾತ್ರೆಯಲ್ಲಿ ಮೆಲ್ಲಗೆ ಮೊಗೆದಳು. ಒಂದೊಂದು ಪ್ಲಾಸ್ಟಿಕ್ ಚೀಲಕ್ಕೂ ಮೂರರಲ್ಲಿ ಒಂದು ಪಾಲು ಹಳೆಯ ತೊಟ್ಟಿಯದೇ ನೀರು, ಎರಡು ಪಾಲು ಗಾಳಿ. ಅದರ ಮೇಲೊಂದು ಚೀಲ, ಬಿಗಿಯಾಗಿ ರಬ್ಬರ್ ಬ್ಯಾಂಡು. ಚೀಲಗಳನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟಳು. ಕತ್ತಲಲ್ಲಿ ಮೀನು ಶಾಂತವಾಗಿರುತ್ತದೆ. ಪೆಟ್ಟಿಗೆಯೊಳಗೆ ಮೇ ತಿಂಗಳ ಬಿಸಿಲೂ ತಟ್ಟುವುದಿಲ್ಲ. ಸ್ಪಂಜನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಹಳೆಯ ನೀರು ತುಂಬಿದ ಡಬ್ಬಿಯಲ್ಲಿ ಅದನ್ನು ಮುಳುಗಿಸಿ, ಮುಚ್ಚಳ ಬಿಗಿಯದೆ, ತಾನೇ ಹಿಡಿದು ಕೂತಳು. ಹರಳುಗಳೂ ಒದ್ದೆಯಾಗಿಯೇ ಬಂದವು.

ಗಾಜಿನ ತೊಟ್ಟಿಯನ್ನು ಬರಿದು ಮಾಡಿಯೇ ಎತ್ತಬೇಕು ಎಂಬುದನ್ನು ಅಪ್ಪನಿಗೆ ಅವಳೇ ಲೆಕ್ಕ ಹಾಕಿ ತೋರಿಸಿದಳು. ಎರಡು ಅಡಿ, ಒಂದು ಅಡಿ, ಒಂದು ಅಡಿ ಅಂದರೆ ಸುಮಾರು 56 ಲೀಟರ್. ನೀರೊಂದೇ 56 ಕಿಲೊ. ಅಷ್ಟು ಭಾರ ಒಂದು ಕಡೆ ವಾಲಿದರೆ ತಳದ ಗಾಜು ಸೀಳದೆ ಇದ್ದೀತೆ?

ಗೋಕಾಕದ ಮನೆಗೆ ಬರುತ್ತಿದ್ದದ್ದು ನಲ್ಲಿಯ ನೀರು. ಅದರಲ್ಲಿ ಕ್ಲೋರಿನ್ ಇರುತ್ತದೆ; ನಮ್ಮ ಹೊಟ್ಟೆ ಕೆಡಿಸುವ ನೀರಿನ ಕ್ರಿಮಿಗಳನ್ನು ಕೊಲ್ಲುವ ಅದು ಮೀನಿನ ಕಿವಿರಿಗೂ ಸ್ಪಂಜಿನ ಬ್ಯಾಕ್ಟೀರಿಯಕ್ಕೂ ದಯೆ ತೋರುವುದಿಲ್ಲ. ಅದಕ್ಕೆಂದು ಅಪ್ಪ ಎರಡು ದಿನ ಮೊದಲೇ ಹೋಗಿ ಬಕೆಟ್ಟುಗಳಲ್ಲಿ ನೀರು ತುಂಬಿಸಿ ಬಾಯಿ ತೆರೆದಿಟ್ಟು ಬಂದಿದ್ದರು. ತೆರೆದಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಅವಸರವಿದ್ದವರು ಹಿಂದಿನ ಕಾಲದ ಫೋಟೊ ಸ್ಟುಡಿಯೋದವರು ಬಳಸುತ್ತಿದ್ದ ಹೈಪೊ, ಎಂದರೆ ಸೋಡಿಯಂ ಥಯೋಸಲ್ಫೇಟ್, ಅದರ ದ್ರಾವಣವನ್ನು ಹನಿ ಲೆಕ್ಕದಲ್ಲಿ ಹಾಕುತ್ತಾರೆ. ಅಕ್ವೇರಿಯಂ ಅಂಗಡಿಗಳಲ್ಲಿ ಅದು ಸಿಗುತ್ತದೆ. ಕೆಲವು ಊರುಗಳಲ್ಲಿ ಕ್ಲೋರಿನ್ನಿನ ಬದಲು ಕ್ಲೋರಮೈನ್ ಬಳಸುವುದುಂಟು. ಅದು ಬಕೆಟ್ಟಿನಲ್ಲಿ ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ, ಔಷಧಿಯೇ ಬೇಕು.

ತೊಟ್ಟಿ ತುಂಬಿ, ಸ್ಪಂಜು ಕೂಡಿಸಿ, ಗಾಳಿಯ ಪಂಪು ಶುರುಮಾಡಿದ ಮೇಲೂ ಅವಸರವಿಲ್ಲ. ಕಟ್ಟಿದ ಚೀಲಗಳನ್ನು ಹಾಗೆಯೇ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಟ್ಟಳು, ಒಳಗಿನ ಹೊರಗಿನ ಬಿಸಿ ಒಂದಾಗಲೆಂದು. ಆಮೇಲೆ ಬಾಯಿ ಬಿಚ್ಚಿ ಐದೈದು ನಿಮಿಷಕ್ಕೆ ಒಂದೊಂದು ಚಿಕ್ಕ ಬಟ್ಟಲು ತೊಟ್ಟಿಯ ನೀರನ್ನು ಚೀಲಕ್ಕೆ ಹಾಕಿದಳು. ಅರ್ಧ ಗಂಟೆಯಾದ ಮೇಲೆ ಮೀನುಗಳನ್ನಷ್ಟೇ ತೊಟ್ಟಿಗೆ ಬಿಟ್ಟು ಚೀಲದ ನೀರನ್ನು ಹೊರಗೆ ಚೆಲ್ಲಿದಳು. ದೂರದ ಊರಿನಿಂದ ಇಡೀ ದಿನ ಚೀಲದಲ್ಲೇ ಕಳೆದು ಬಂದ ಮೀನಿಗಾದರೆ ಇಷ್ಟು ಹೊತ್ತು ಎಳೆಯಬಾರದು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಉಸಿರಿನ ಇಂಗಾಲದ ಡೈ ಆಕ್ಸೈಡ್ ನೀರನ್ನು ಆಮ್ಲೀಯವಾಗಿಸಿ ಅಮೋನಿಯದ ಹಲ್ಲು ಕಿತ್ತಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಅಮೋನಿಯಕ್ಕೆ ಮತ್ತೆ ಹಲ್ಲು ಬರುತ್ತದೆ. ಆದರೆ ಮೂಡಲಗಿಯಿಂದ ಗೋಕಾಕ ಎಷ್ಟು ದೂರ? ಅವಳಿಗೆ ಸಮಯವಿತ್ತು.

ಆ ದಿನ ದೀಪ ಹಚ್ಚಲಿಲ್ಲ, ತಿಂಡಿ ಹಾಕಲಿಲ್ಲ. ಮರುದಿನ ಚಿಟಿಕೆಯಷ್ಟು. ಎರಡು ವಾರದವರೆಗೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರಿನ ಬದಲಾವಣೆ. ಒಂದು ಮೀನೂ ಸಾಯಲಿಲ್ಲ. ಅಪ್ಪ ಕಚೇರಿಯಿಂದ ಬಂದವರೇ ಮೊದಲು ತೊಟ್ಟಿಯ ಕಡೆ ನೋಡಿ, “ಎಲ್ಲಾರೂ ಆರಾಮ?” ಎಂದು ಕೇಳುವುದು ರೂಢಿಯಾಯಿತು.

ಆರಾಮ ಹೆಚ್ಚು ದಿನ ನಡೆಯಲಿಲ್ಲ. ಅದೇ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆಗೆ ಹಿಡಕಲ್ ಜಲಾಶಯ ತುಂಬಿ, ಘಟಪ್ರಭೆಯೂ ಮಾರ್ಕಂಡೇಯವೂ ಒಟ್ಟಿಗೆ ಉಕ್ಕಿದವು. ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಹೊಳೆ ಊರೊಳಕ್ಕೆ ಬಂತು. ಗೋಕಾಕದ ಸಾವಿರಾರು ಜನ ಮನೆ ಬಿಟ್ಟು ಎತ್ತರದ ಜಾಗಗಳಿಗೆ ಹೋಗಬೇಕಾಯಿತು. ಈ ಕುಟುಂಬವೂ ರಾತ್ರೋರಾತ್ರಿ ಎದ್ದಿತು. ಕಾಗದಪತ್ರಗಳ ಚೀಲ, ಅಜ್ಜಿಯ ಔಷಧಿ, ಮಕ್ಕಳ ಬಟ್ಟೆ ಒಂದೊಂದೇ ಬಾಗಿಲಿಗೆ ಬಂದವು. ಮೊಣಕಾಲ ನೀರಿನಲ್ಲಿ ನಿಂತು ಹುಡುಗಿ ತೊಟ್ಟಿಯ ಕಡೆ ನೋಡಿದಳು.

“ಮೊದಲ ಅಜ್ಜೀನ ಕೈ ಹಿಡಿ” ಎಂದರು ಅಮ್ಮ. ಅವಳು ಹಿಡಿದಳು. ಅಜ್ಜಿಯನ್ನು ಗಾಡಿಗೆ ಹತ್ತಿಸಿದ ಮೇಲೆ ಒಮ್ಮೆ ಹಿಂದಿರುಗಲು ಅಪ್ಪ ಐದು ನಿಮಿಷ ಕೊಟ್ಟರು. ನೀರಿನಲ್ಲಿ ಅವಳೊಬ್ಬಳನ್ನೇ ಬಿಡದೆ ತಾವೂ ಜೊತೆಗೆ ಬಂದು ಟಾರ್ಚು ಹಿಡಿದರು. “ಹೊಳ್ಯಾಗ ಬಿಟ್ಟಬಿಡವಾ, ಬದುಕತಾವು. ನೀರಿಗೇನ ಕಡಿಮಿ ಈಗ?” ಎಂದರು. ಅವಳು ತಲೆಯಾಡಿಸಿದಳು. ಮಾಸ್ತರರು ಅದನ್ನೂ ಹೇಳಿದ್ದರು. ಸಾಕಿದ ಹೊರನಾಡಿನ ಮೀನನ್ನು ಹೊಳೆಗೆ, ಕೆರೆಗೆ, ಬಾವಿಗೆ ಬಿಡುವುದು ಪುಣ್ಯದ ಕೆಲಸವಲ್ಲ. ಒಂದೋ ಅದು ಸಾಯುತ್ತದೆ, ಇಲ್ಲವೇ ಬದುಕಿ ಬೆಳೆದು ಅಲ್ಲಿಯ ಮೀನಿನ ಆಹಾರವನ್ನೂ ಜಾಗವನ್ನೂ ಕಸಿಯುತ್ತದೆ. ಅಕ್ವೇರಿಯಂಗಳಿಂದ ತಪ್ಪಿಸಿಕೊಂಡ ಸಕ್ಕರ್ ಮೀನು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿರುವುದು ಹೀಗೆಯೇ ಅಲ್ಲವೆ?

ಮುಚ್ಚಳವಿದ್ದ ಒಂದು ಬಕೆಟ್ಟು. ಅರ್ಧದಷ್ಟು ತೊಟ್ಟಿಯ ನೀರು, ನಾಲ್ಕು ಮೀನು, ಮತ್ತು ಸ್ಪಂಜು. ಅಷ್ಟೇ ಹೊತ್ತು ಅವರು ಹೊರಬಂದದ್ದು.

ಎತ್ತರದ ಓಣಿಯ ಬಂಧುವೊಬ್ಬರ ಮನೆಯಲ್ಲಿ ಮೂರು ಕುಟುಂಬ ತುಂಬಿದ್ದವು. ವಿದ್ಯುತ್ ಇಲ್ಲ, ಗಾಳಿಯ ಪಂಪು ಇದ್ದರೂ ನಡೆಯುವಂತಿರಲಿಲ್ಲ. ಕುಡಿಯಲು ಬರುವ ಟ್ಯಾಂಕರ್ ನೀರು ಮನುಷ್ಯರಿಗೇ ಸಾಲದು, ಅದನ್ನು ಮೀನಿಗೆ ಕೇಳುವ ಮುಖ ಅವಳಿಗಿರಲಿಲ್ಲ. ಅವಳು ಬಕೆಟ್ಟಿನ ಬಳಿ ಕೂತು ಒಂದು ಲೋಟದಲ್ಲಿ ನೀರು ಮೊಗೆದು ಒಂದು ಮೊಳ ಎತ್ತರದಿಂದ ಸಣ್ಣ ಧಾರೆಯಾಗಿ ಅದೇ ಬಕೆಟ್ಟಿಗೆ ಸುರಿಯತೊಡಗಿದಳು. ಬೀಳುವ ನೀರು ತನ್ನೊಡನೆ ಗಾಳಿಯನ್ನು ಒಯ್ಯುತ್ತದೆ. ಗೋಕಾಕದ ಜಲಪಾತ 52 ಮೀಟರಿನಿಂದ ಧುಮ್ಮಿಕ್ಕಿ ಮಾಡುವ ಕೆಲಸವನ್ನೇ ಅವಳ ಲೋಟ ಒಂದು ಮೊಳದಿಂದ ಮಾಡುತ್ತಿತ್ತು. ಹತ್ತು ನಿಮಿಷ ಸುರಿಯುವುದು, ಸ್ವಲ್ಪ ಹೊತ್ತು ಬಿಡುವುದು. ಅವಳಿಗೆ ನಿದ್ದೆ ಬಂದಾಗ ತಮ್ಮ ಲೋಟ ಹಿಡಿದ. ಅವನೂ ತೂಕಡಿಸಿದಾಗ, ಯಾರೂ ಹೇಳದೆ, ಅಪ್ಪ ಹಿಡಿದರು. ಕತ್ತಲೆಯ ಆ ಕೋಣೆಯಲ್ಲಿ ಹತ್ತಾರು ಜನ ಮುಂದೇನೆಂದು ತಿಳಿಯದೆ ಮಲಗಿದ್ದಾಗ ಆ ನೀರಿನ ಸದ್ದೊಂದೇ ಕೇಳುತ್ತಿತ್ತು.

ಅಷ್ಟೂ ದಿನ ಮೀನಿಗೆ ತಿಂಡಿ ಹಾಕಲಿಲ್ಲ. ತಿನ್ನದಿದ್ದರೆ ಹೊಲಸಿಲ್ಲ. ಹೊಲಸಾದ ಅಲ್ಪವನ್ನು ಸ್ಪಂಜಿನ ಊರು ನೋಡಿಕೊಂಡಿತು. ಮೂರನೆಯ ರಾತ್ರಿ ಒಂದು ಮುದಿ ಮೋಲಿ ಸತ್ತಿತು. ಮೂರು ಉಳಿದವು. ನೀರಿಳಿದು ಮನೆಗೆ ಹಿಂದಿರುಗಿದಾಗ ಗೋಡೆಯ ಮೇಲೆ ಆಳೆತ್ತರಕ್ಕೆ ಕೆಸರಿನ ಗೆರೆ. ತೊಟ್ಟಿ ಮೂಲೆಯಲ್ಲಿ ಸೀಳಿ, ಒಳಗೆ ರಾಡಿ ತುಂಬಿತ್ತು. ನೆರೆಹೊರೆಯವರು ಇನ್ನೂ ಎಷ್ಟೋ ಹೆಚ್ಚು ಕಳೆದುಕೊಂಡಿದ್ದರು. ಹುಡುಗಿ ತೊಟ್ಟಿಗಾಗಿ ಅಳಲಿಲ್ಲ. ನಾಲ್ಕು ತಿಂಗಳು ಆ ಮೀನುಗಳು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿಯೇ, ಅದೇ ಹಳೆಯ ಸ್ಪಂಜಿನೊಂದಿಗೆ ಇದ್ದವು, ಚೆನ್ನಾಗಿಯೇ ಇದ್ದವು.

ಆ ದಿನಗಳಲ್ಲೇ ಒಂದು ಸಂಜೆ, ಟಬ್ಬಿನ ಪಕ್ಕದಲ್ಲಿ ಕೂತು ಅಪ್ಪ ಅವಳ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದರು. 2016ರ ಜೂನ್ ಪುಟಗಳಲ್ಲಿ ಮೀನಿನ ವಿಷಯದ ನಡುವೆ ಒಂದು ಸಾಲಿತ್ತು: “ಈ ಶಾಲೆಯಲ್ಲಿ ಮಧ್ಯಾಹ್ನ ನಾನು ಒಬ್ಬಳೇ ಊಟ ಮಾಡುತ್ತೇನೆ.” ಅಪ್ಪ ಬಹಳ ಹೊತ್ತು ಆ ಪುಟವನ್ನು ತಿರುವಲಿಲ್ಲ. ಮೀನಿಗೆ ಹೊಸ ನೀರು ಹೊಂದಿಕೊಳ್ಳಲು ಮಗಳು ಅರ್ಧ ಗಂಟೆ ಕೊಟ್ಟಿದ್ದಳು. ಮಗಳನ್ನು ತಾವು ಸೋಮವಾರ ಒಂದು ಊರಿನಿಂದ ಕಿತ್ತು ಮಂಗಳವಾರ ಇನ್ನೊಂದು ಊರಿನ ತರಗತಿಗೆ ಸುರುವಿಬಿಟ್ಟಿದ್ದರು. “ಇಲ್ಲಿ ಸಾಲ್ಯಾಗ ಹೆಂಗೈತವಾ?” ಎಂದು ಕೇಳಿದರು. ಕೇಳಿದ್ದು ಅದೇ ಮೊದಲು. ಅವಳು ಮಾತಾಡಿದಳು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಕೆಳಗಿಳಿಸಿ ಬಂದು ಬಾಗಿಲಲ್ಲಿ ನಿಂತು ಕೇಳಿದರು.

2024ರಲ್ಲಿ ಅವಳು ಪದವಿ ಓದಲು ಧಾರವಾಡದ ಹಾಸ್ಟೆಲ್ಲಿಗೆ ಹೊರಟಳು. ಮೀನು, ಸ್ಪಂಜು, ನೋಟ್‌ಬುಕ್ಕು ತಮ್ಮನ ಪಾಲಿಗೆ ಬಂದವು. ಅಮ್ಮ ಹೊಸ ಚಾದರ, ಹೊಸ ಹೊದಿಕೆ ತಂದು ಟ್ರಂಕಿಗೆ ತುಂಬಿದರು. ಅಪ್ಪ ಅವುಗಳಲ್ಲಿ ಒಂದನ್ನು ತೆಗೆದು, ಅಜ್ಜಿ ಹೊಲಿದ ಹಳೆಯ ಕೌದಿಯನ್ನು ಮಡಿಚಿ ಇಟ್ಟರು. “ಒಗದರ ಹಾಕ್ರಿ” ಎಂದರು ಅಮ್ಮ. “ಬ್ಯಾಡ” ಎಂದರು ಅಪ್ಪ, “ಹಂಗ ಇರಲಿ.”

ಹುಡುಗಿಗೆ ನಗು ಬಂತು. ಧಾರವಾಡದಲ್ಲಿ ಅವಳನ್ನು ಬಿಟ್ಟು ಸಂಜೆಯ ಬಸ್ಸಿಗೇ ಹೊರಡಬೇಕಿದ್ದ ಅಪ್ಪ ಅಂದು ಹೊರಡಲಿಲ್ಲ. ಒಂದು ಸಣ್ಣ ಲಾಡ್ಜಿನಲ್ಲಿ ಉಳಿದು, ಮರುದಿನ ಅವಳು ಹೊಸ ಗೆಳತಿಯೊಬ್ಬಳ ಜೊತೆ ತಿಂಡಿಗೆ ಹೋಗುವುದನ್ನು ರಸ್ತೆಯ ಈಚೆಯಿಂದ ನೋಡಿ, ಆಮೇಲೆ ಗೋಕಾಕದ ಬಸ್ಸು ಹತ್ತಿದರು.